ಲೈಪ್‌ಜಿಗ್‌ನಲ್ಲಿ ನೆಲಮಾಳಿಗೆ ಹೋಟೆಲಿಗೆ ಊಟಕ್ಕೆ ಕರೆದಿದ್ದಾರೆ. ಮೊಟ್ಟೆಯನ್ನೂ ತಿನ್ನದವನು ಏನು ಮಾಡಲಿ?

ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ಮಗಳು ಹೇಳಿದ್ದಕ್ಕೇ ಈ ಗುಂಪಿಗೆ ಸೇರಿದೆ. ಆದರೆ ಈ ಪ್ರಶ್ನೆ ಕೇಳುತ್ತಿರುವುದು ಅವಳಿಗೆ ಗೊತ್ತಿಲ್ಲ.

ನಾನು ಹಾಸನದವನು. ಅಂಚೆ ಇಲಾಖೆಯಲ್ಲಿದ್ದೆ, ನಿವೃತ್ತಿಯಾಗಿ ಒಂದೂವರೆ ವರ್ಷ ಆಯಿತು. ಮಗಳು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಮೇ ತಿಂಗಳಲ್ಲಿ ಮುಗಿಯುತ್ತದೆ. ನಾನೂ ನಮ್ಮ ಮನೆಯವರೂ ಹೋಗುತ್ತಿದ್ದೇವೆ. ಅವಳ ಪ್ರೊಫೆಸರ್ ನಮ್ಮನ್ನೆಲ್ಲ ರಾತ್ರಿ ಊಟಕ್ಕೆ ಕರೆದಿದ್ದಾರೆ. ಜಾಗ ಔಅರ್‌ಬಾಖ್ ಕೆಲ್ಲರ್ ಅಂತೆ. ಬಹಳ ಹಳೆಯದು, ಬಹಳ ಹೆಸರುವಾಸಿ ಅಂತ ಮಗಳು ಕುಣಿಯುತ್ತಿದ್ದಾಳೆ.

ಕೆಲ್ಲರ್ ಅಂದರೆ ನೆಲಮಾಳಿಗೆ ಎಂದು ಗೊತ್ತಾಯಿತು. ನಮ್ಮ ತಾತನ ಊರಿನ ಮನೆ ಮುಂದೆ ನೆಲದೊಳಗೆ ರಾಗಿ ಹಗೇವು ಇತ್ತು. ಅದರೊಳಗೆ ಇಳಿದು ಯಾರೂ ಎಲೆ ಹಾಕಿಕೊಂಡು ಕೂತಿದ್ದು ನಾನು ನೋಡಿಲ್ಲ! ಇವರಿಗೆ ಮೇಲೆ ಅಷ್ಟು ಜಾಗ ಇರುವಾಗ ಕೆಳಗೆ ಹೋಗಿ ಯಾಕೆ ಉಣ್ಣುತ್ತಾರೆ?

ನಿಜವಾದ ಚಿಂತೆ ಬೇರೆ. ಇಂಥ ಹೋಟೆಲುಗಳ ಫೋಟೋ ಹುಡುಕಿ ನೋಡಿದೆ. ಕಮಾನಿನ ಸೂರು, ದೀಪ, ಮೇಜಿನ ಮೇಲೆ ಚಾಕು ಚುಚ್ಚಿದ ಹಂದಿ ಕಾಲು. ನಾವಿಬ್ಬರೂ ಮೊಟ್ಟೆ ಕೂಡ ತಿನ್ನುವುದಿಲ್ಲ. ಕುಡಿಯುವುದಂತೂ ಇಲ್ಲವೇ ಇಲ್ಲ. ಕುಡಿಯದೆ ಕೂತರೆ ಪ್ರೊಫೆಸರ್ ಬೇಜಾರು ಮಾಡಿಕೊಳ್ಳುತ್ತಾರೆಯೇ? ಮಗಳ ಕೆಲಸದ ವಿಷಯ ನೋಡಿ, ಅದಕ್ಕೆ ಕೇಳಿದೆ. ಅವಳನ್ನು ಕೇಳಿದರೆ "ಅಪ್ಪಾ, ಸುಮ್ನೆ ಬಾ" ಅನ್ನುತ್ತಾಳೆ.

ಮೈನ್_ನದಿ_ಮಂಡ್ಯ

ಸರ್, ಸುಲಭ. ಮನೆಯಲ್ಲೇ ಹೊಟ್ಟೆ ತುಂಬ ಮೊಸರನ್ನ ಉಂಡು ಹೋಗಿ. ಅಲ್ಲಿ ಒಂದು ಸಲಾಡ್ ಮುಂದಿಟ್ಟುಕೊಂಡು ನಗುತ್ತಾ ಕೂತಿರಿ. ಫ್ರಾಂಕ್‌ಫರ್ಟಿನಲ್ಲಿ 6 ವರ್ಷದಿಂದ ನಾನು ಮಾಡುತ್ತಿರುವುದು ಇದನ್ನೇ. ಆಫೀಸಿನವರು ನನ್ನನ್ನು ಡಯಟ್ ಮಾಡುವ ಮನುಷ್ಯ ಅಂದುಕೊಂಡಿದ್ದಾರೆ.

ಎರ್ಲಾಂಗನ್_ಅಕ್ಕ

ಮೇಲಿನವರ ಮಾತು ಕೇಳಬೇಡಿ ಸರ್. ಉಂಡು ಹೋದರೆ ಕೆಟ್ಟಿರಿ. ಅಲ್ಲಿ ಮೂರು ನಾಲ್ಕು ಗಂಟೆ ಕೂರಬೇಕು, ಬಾಯಿಗೆ ಕೆಲಸ ಇಲ್ಲದೆ ಅಷ್ಟು ಹೊತ್ತು ಕೂರುವುದು ಶಿಕ್ಷೆ.

ನಾನು ದಾವಣಗೆರೆಯವಳು. ಮದುವೆಯಾಗಿ ಎರ್ಲಾಂಗನ್‌ಗೆ ಬಂದು 14 ವರ್ಷ ಆಯಿತು. ನಾನೂ ಮಾಂಸ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಆದರೂ ಕೆಲ್ಲರ್ ಅಂದರೆ ನನಗೆ ಜೀವ. ಯಜಮಾನರು ತಮಾಷೆ ಮಾಡುತ್ತಾರೆ, "ಒಂದು ತೊಟ್ಟು ಕುಡಿಯದೆ ಇಷ್ಟು ಕೆಲ್ಲರ್ ತಿರುಗಿದವಳು ನೀನೊಬ್ಬಳೇ" ಅಂತ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ನಿಮ್ಮ ಹಗೇವು. ನೀವು ತಮಾಷೆಗೆ ಹೇಳಿದಿರಿ, ಆದರೆ ವಿಷಯ ಅಲ್ಲೇ ಇದೆ. ಕೆಲ್ಲರ್ ಕೂಡ ಮೊದಲು ಉಗ್ರಾಣ. ಊಟದ ಮನೆ ಆಗಿದ್ದು ಆಮೇಲೆ. ನೆಲದ ಕೆಳಗೆ ಬೇಸಿಗೆ ಚಳಿಗಾಲ ಎರಡರಲ್ಲೂ ತಂಪು ಹೆಚ್ಚುಕಡಿಮೆ ಒಂದೇ ಇರುತ್ತದೆ. ವೈನ್ ಪೀಪಾಯಿ ಇಡಲು ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿ? ಹಳೆಯ ಊರುಗಳಲ್ಲಿ ನಗರಸಭೆ ಕಟ್ಟಡಕ್ಕೆ ರಾಟ್‌ಹೌಸ್ ಅನ್ನುತ್ತಾರೆ. ಅದರ ಕೆಳಗಿನ ನೆಲಮಾಳಿಗೆ ರಾಟ್ಸ್‌ಕೆಲ್ಲರ್. ಊರಿನ ಹಿರಿಯರು ಮೇಲೆ ಸಭೆ ಮಾಡುತ್ತಿದ್ದರು, ಕೆಳಗೆ ಊರಿನ ವೈನ್ ಇರುತ್ತಿತ್ತು. ಮಾರಿ ಬಂದ ದುಡ್ಡು ಊರಿನ ಬೊಕ್ಕಸಕ್ಕೆ. ನಗರಸಭೆಯೇ ವೈನಂಗಡಿ ನಡೆಸಿದ ಹಾಗೆ!

ಇದನ್ನು ಕಣ್ಣಾರೆ ನೋಡಬೇಕು ಅಂದರೆ ಬ್ರೆಮೆನ್‌ಗೆ ಹೋಗಬೇಕು. ಅಲ್ಲಿನ ರಾಟ್‌ಹೌಸ್ ಕಟ್ಟಲು ಶುರು ಮಾಡಿದ್ದು 1405ರಲ್ಲಿ, ಕೆಳಗಿನ ಕೆಲ್ಲರ್ ಕೂಡ ಆಗಿನದೇ. ಕಟ್ಟಡ 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ರೈನ್ ನದಿ ಕಡೆಯ ಬಿಳಿ ವೈನ್ ಮಾರುವ ಹಕ್ಕು ಆ ಊರಿನಲ್ಲಿ ಬಹುಕಾಲ ನಗರಸಭೆಗೆ ಮಾತ್ರ ಇತ್ತು. ಇವತ್ತಿಗೂ ಅಲ್ಲಿ ಜರ್ಮನಿಯ ವೈನ್ ಬಿಟ್ಟು ಬೇರೆ ದೇಶದ್ದು ಇಡುವುದಿಲ್ಲ. ಒಂದು ಪೀಪಾಯಿಯಲ್ಲಿ 1653ರ ವೈನ್ ಇದೆ, ರ್ಯೂಡೆಸ್‌ಹೈಮ್ ಊರಿನದು. ಜರ್ಮನಿಯಲ್ಲಿ ಪೀಪಾಯಿಯಲ್ಲೇ ಉಳಿದ ಅತಿ ಹಳೆಯ ವೈನ್ ಅದು, ಮಾರಾಟಕ್ಕಿಲ್ಲ. ಆ ಪೀಪಾಯಿ ಇರುವ ಕೋಣೆಯ ಸೂರಿನಲ್ಲಿ ದೊಡ್ಡ ಗುಲಾಬಿ ಬರೆದಿದ್ದಾರೆ. ಗುಲಾಬಿ ಕೆಳಗೆ ಆಡಿದ ಮಾತು ಹೊರಗೆ ಹೋಗಬಾರದು ಅಂತ ಅರ್ಥ.

ನನಗೆ ಅಲ್ಲಿ ಜಾಸ್ತಿ ಇಷ್ಟವಾಗಿದ್ದು ವೈನ್ ಅಲ್ಲ, ಪ್ರಿಯೋಲ್ಕೆನ್. ದೊಡ್ಡ ಹಜಾರದ ಗೋಡೆಗೆ ಸಾಲಾಗಿ ಮರದ ಗೂಡಿನಂಥ ಪುಟ್ಟ ಕೋಣೆಗಳು. ಬಾಗಿಲು ಎಳೆದುಕೊಂಡರೆ ನಿಮ್ಮ ಪಾಡಿಗೆ ನೀವು. ಆದರೆ ಒಳಗೆ ಕಡೇಪಕ್ಷ ಮೂರು ಜನ ಇದ್ದರೆ ಮಾತ್ರ ಬಾಗಿಲು ಹಾಕಬಹುದು ಅನ್ನುವುದು ಹಳೆಯ ನಿಯಮ. ಗಂಡು ಹೆಣ್ಣು ಇಬ್ಬರೇ ಇದ್ದರೆ ಬಾಗಿಲು ತೆರೆದಿರಬೇಕು. ಮದುವೆ ಗೊತ್ತಾದ ಮೇಲೂ ನಮ್ಮಮ್ಮ ನನ್ನ ಜೊತೆ ತಮ್ಮನನ್ನು ಸಿನಿಮಾಕ್ಕೆ ಕಳಿಸಿದ್ದು ನೆನಪಾಗಿ ಅಲ್ಲೇ ನಕ್ಕೆ.

ಈಗ ನಿಮ್ಮ ಲೈಪ್‌ಜಿಗ್. ಔಅರ್‌ಬಾಖ್ ಕೆಲ್ಲರ್ ನಗರಸಭೆಯದ್ದಲ್ಲ. ಅಲ್ಲಿ ವೈನ್ ಮಾರುತ್ತಿದ್ದ ದಾಖಲೆ 1438ರಿಂದಲೇ ಇದೆ. ಆಮೇಲೆ ಹೈನ್‌ರಿಖ್ ಸ್ಟ್ರೋಮರ್ ಅನ್ನುವ ವೈದ್ಯರು, ವಿಶ್ವವಿದ್ಯಾಲಯದ ಪ್ರೊಫೆಸರ್ ಕೂಡ, 1525ರಲ್ಲಿ ವಿದ್ಯಾರ್ಥಿಗಳಿಗೆ ವೈನ್ ಕೊಡಲು ಶುರು ಮಾಡಿದರು. ಅವರ ಹುಟ್ಟೂರು ಔಅರ್‌ಬಾಖ್, ಅದೇ ಹೆಸರು ನಿಂತಿತು. (ಡಾಕ್ಟರೇ ವೈನಂಗಡಿ ಇಟ್ಟರೆ ಹೇಳುವುದೇನು!) ಪ್ರೊಫೆಸರ್ ಒಬ್ಬರು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಅಂದರೆ 500 ವರ್ಷದ ರೂಢಿ ಅನ್ನಿ. ನಿಮ್ಮ ಮಗಳು ಕುಣಿಯುವುದರಲ್ಲಿ ಅರ್ಥ ಇದೆ.

ಕವಿ ಗಯಟೆ 1765ರಿಂದ 1768ರವರೆಗೆ ಆ ಊರಿನಲ್ಲಿ ಕಾನೂನು ಓದುತ್ತಿದ್ದರು. ಓದಿದ್ದಕ್ಕಿಂತ ಆ ಕೆಲ್ಲರಿನಲ್ಲಿ ಕೂತಿದ್ದೇ ಹೆಚ್ಚು ಉಪಯೋಗಕ್ಕೆ ಬಂತು ಅಂತ ನನ್ನ ಅಭಿಪ್ರಾಯ. ಅಲ್ಲಿ 1625ರ ಸುಮಾರಿಗೆ ಬರೆಸಿದ ಎರಡು ಚಿತ್ರ ಇವೆ. ಒಂದರಲ್ಲಿ ಮಾಂತ್ರಿಕ ಫೌಸ್ಟ್ ವೈನ್ ಪೀಪಾಯಿಯನ್ನೇ ಕುದುರೆ ಮಾಡಿಕೊಂಡು ಹೊರಗೆ ಹೋಗುತ್ತಿದ್ದಾನೆ. ಗಯಟೆ ಮುಂದೆ ಫೌಸ್ಟ್ ನಾಟಕ ಬರೆದಾಗ ಒಂದು ದೃಶ್ಯವನ್ನು ಅದೇ ಕೆಲ್ಲರಿನಲ್ಲಿ ಇಟ್ಟರು. ಸೈತಾನ ಮೇಜಿಗೆ ತೂತು ಕೊರೆಯುತ್ತಾನೆ, ಕುಡುಕ ಹುಡುಗರಿಗೆ ಬೇಕು ಬೇಕಾದ ವೈನ್ ಮರದಿಂದಲೇ ಬರುತ್ತದೆ, ನೆಲಕ್ಕೆ ಚೆಲ್ಲಿದ್ದು ಬೆಂಕಿಯಾಗುತ್ತದೆ. ನೀವು ಇಳಿಯುವ ಮೆಟ್ಟಿಲ ಪಕ್ಕದಲ್ಲೇ ಇವರೆಲ್ಲರ ಕಂಚಿನ ಮೂರ್ತಿಗಳಿವೆ. ಫೌಸ್ಟನ ಬೂಟು ಮಾತ್ರ ಚಿನ್ನದ ಹಾಗೆ ಹೊಳೆಯುತ್ತದೆ. ಅದನ್ನು ಉಜ್ಜಿದರೆ ಒಳ್ಳೆಯದಾಗುತ್ತದೆ, ಮತ್ತೆ ಆ ಊರಿಗೆ ಬರುತ್ತೇವೆ ಅನ್ನುವ ನಂಬಿಕೆ.

ಕುಡಿಯುವ ವಿಷಯ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆಪ್‌ಫೆಲ್‌ಶೋರ್ಲೆ ಕೇಳಿ. ಸೇಬಿನ ರಸಕ್ಕೆ ಸೋಡಾ ಬೆರೆಸಿರುತ್ತಾರೆ. ಬಣ್ಣವೂ ಬಿಯರಿನ ಹಾಗೇ ಇರುವುದರಿಂದ ಫೋಟೋದಲ್ಲಿ ನೋಡಿ ನಿಮ್ಮ ಬಂಧುಗಳು ತಪ್ಪು ತಿಳಿದಾರು, ಅಷ್ಟೇ ತೊಂದರೆ. ಇನ್ನೊಂದು ಮಾತು, ಜರ್ಮನಿಯ ಹೋಟೆಲ್ ಕಾನೂನಿನಲ್ಲೇ ಒಂದು ಕಲಮು ಇದೆ. ಹೆಂಡ ಮಾರುವ ಕಡೆ ಕಡೇಪಕ್ಷ ಒಂದು ಬೇರೆ ಪಾನೀಯವನ್ನಾದರೂ ಅತಿ ಅಗ್ಗದ ಹೆಂಡಕ್ಕಿಂತ ಜಾಸ್ತಿ ಬೆಲೆ ಇಲ್ಲದ ಹಾಗೆ ಕೊಡಲೇಬೇಕು. ಜನ ಅದಕ್ಕೆ "ಸೇಬಿನ ರಸದ ಕಲಮು" ಅನ್ನುತ್ತಾರೆ. ನಮ್ಮಂಥವರಿಗೇ ಬರೆದ ಹಾಗಿದೆ ಅಲ್ವಾ?

ಲೋಟ ಎತ್ತುವಾಗ ಒಂದು ವಿಷಯ ನೆನಪಿಡಿ. ಎಲ್ಲರ ಲೋಟಕ್ಕೂ ನಿಮ್ಮ ಲೋಟ ತಾಗಿಸಬೇಕು, ತಾಗಿಸುವಾಗ ಅವರ ಕಣ್ಣನ್ನೇ ನೋಡಬೇಕು. ಲೋಟ ನೋಡಿದರೆ ಏಳು ವರ್ಷ ಕೆಟ್ಟ ಕಾಲ ಅಂತ ಹೇಳಿ ನಗುತ್ತಾರೆ. ಬರೀ ನೀರಿನ ಲೋಟ ಎತ್ತಿದರೆ ಅಪಶಕುನ ಅನ್ನುವವರೂ ಇದ್ದಾರೆ, ಆದ್ದರಿಂದ ಶೋರ್ಲೆಯೇ ವಾಸಿ.

ಊಟ. ಮಾಂಸ ಇಲ್ಲದ್ದು ಸಿಗುತ್ತದೆ, ಮೊಟ್ಟೆ ಇಲ್ಲದ್ದಕ್ಕೆ ಸ್ವಲ್ಪ ಕಣ್ಣು ಬೇಕು. ಚೀಸ್ ಹಾಕಿದ ಸ್ಪೆಟ್ಸ್ಲೆ ಅಂತ ಎಲ್ಲರೂ ತೋರಿಸುತ್ತಾರೆ, ಅದರ ಹಿಟ್ಟಿಗೆ ಮೊಟ್ಟೆ ಬಿದ್ದೇ ಇರುತ್ತದೆ. ಬ್ರೆಡ್ಡಿನ ಉಂಡೆ ಸೆಮ್ಮೆಲ್‌ಕ್ನ್ಯೋಡೆಲ್‌ನಲ್ಲೂ ಮೊಟ್ಟೆ. ಎಲೆಕೋಸು ತರಕಾರಿಯೇ ಅಂತ ನಂಬಬೇಡಿ, ಹಂದಿ ಕೊಬ್ಬಿನಲ್ಲಿ ಬೇಯಿಸಿರಬಹುದು. ಹುರಿದ ಆಲೂಗಡ್ಡೆಯಲ್ಲಿ ಸ್ಪೆಕ್ ಚೂರು ಅಡಗಿರುತ್ತದೆ, ಸ್ಪೆಕ್ ಅಂದರೆ ಹಂದಿಯದೇ. ಮೂರು ಪದ ಕಲಿತು ಹೋಗಿ: ಓನೆ ಫ್ಲೈಶ್, ಓನೆ ಸ್ಪೆಕ್, ಓನೆ ಐ. ಮಾಂಸ ಬೇಡ, ಸ್ಪೆಕ್ ಬೇಡ, ಮೊಟ್ಟೆ ಬೇಡ. ಮೊಟ್ಟೆಗೆ ಇವರು "ಐ" ಅನ್ನುತ್ತಾರೆ, ನಾನು ಮೊದಲ ವರ್ಷ ಅದನ್ನು ಹೇಳುವಾಗಲೆಲ್ಲ ಯಾರೋ ಚಿವುಟಿದ ಹಾಗೆ ಕೇಳುತ್ತಿತ್ತು. ಮೆನುವಿನಲ್ಲಿ ಪ್ರತಿ ತಿಂಡಿಯ ಪಕ್ಕ ಸಣ್ಣ ಅಕ್ಷರ ಅಥವಾ ಅಂಕಿ ಹಾಕಿರುತ್ತಾರೆ, ಅಲರ್ಜಿ ಇರುವವರಿಗಾಗಿ. 2014ರ ಡಿಸೆಂಬರ್‌ನಿಂದ ಯುರೋಪಿನಲ್ಲೆಲ್ಲ ಆ ಮಾಹಿತಿ ಕೊಡುವುದು ಕಡ್ಡಾಯ. ಮೊಟ್ಟೆಗೂ ಒಂದು ಗುರುತು ಇರುತ್ತದೆ. ಹೋಟೆಲಿನಿಂದ ಹೋಟೆಲಿಗೆ ಬದಲಾಗುತ್ತದೆ, ಕಡೆಯ ಪುಟ ನೋಡಿ.

ನೀವು ಹೋಗುವುದು ಮೇ ತಿಂಗಳು ಅಂದಿರಿ. ಅದೃಷ್ಟವಂತರು. ಅದು ಸ್ಪಾರ್ಗೆಲ್ ಕಾಲ. ಬಿಳಿ ಶತಾವರಿ, ಜೂನ್ 24ಕ್ಕೆ ಕೀಳುವುದು ನಿಲ್ಲಿಸುತ್ತಾರೆ. ನಮ್ಮಲ್ಲಿ ಮಾವಿನ ಹಣ್ಣಿಗೆ ಹೇಗೋ ಇವರಿಗೆ ಅದು ಹಾಗೆ, ಅದಕ್ಕೇ ಬೇರೆ ಮೆನು ಕಾರ್ಡು ಅಚ್ಚು ಹಾಕಿಸುತ್ತಾರೆ. ಜೊತೆಗೆ ಬೇಯಿಸಿದ ಆಲೂಗಡ್ಡೆ. ಹಾಲಂಡೇಸ್ ಸಾಸ್ ಬೇಡ ಅನ್ನಿ, ಅದರಲ್ಲಿ ಮೊಟ್ಟೆ. ಕರಗಿಸಿದ ಬೆಣ್ಣೆ ಕೇಳಿ. ಇನ್ನೊಂದು, ಲೈಪ್‌ಜಿಗ್ ಇರುವ ಸ್ಯಾಕ್ಸನಿ ಕಡೆಯದೇ: ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ, ಕ್ವಾರ್ಕ್, ಮೇಲೆ ಅಗಸೆ ಎಣ್ಣೆ. ಕ್ವಾರ್ಕ್ ಅಂದರೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿನ ಥರ. ಅಗಸಿ ಹಿಂಡಿ ತಿಂದು ಬೆಳೆದ ನನಗೆ ಮೊದಲ ಸಲ ಆ ಎಣ್ಣೆ ವಾಸನೆ ಬಂದಾಗ ಕಣ್ಣಲ್ಲಿ ನೀರು ಬಂತು. ಎಲ್ಲ ಹೋಟೆಲಲ್ಲೂ ಇರುವುದಿಲ್ಲ, ಇದ್ದರೆ ಬಿಡಬೇಡಿ.

ಹೇಮಾವತಿ_ದಂಡೆ

ಅಕ್ಕಾ ಅನ್ನಲೋ ತಂಗಿ ಅನ್ನಲೋ ತಿಳಿಯದು, ವಯಸ್ಸಿನಲ್ಲಿ ನನಗಿಂತ ಚಿಕ್ಕವರೇ ಇರಬೇಕು. ಬಹಳ ಉಪಕಾರ ಆಯಿತಮ್ಮ. ನಮ್ಮ ಮನೆಯವರಿಗೆ ಓದಿ ಹೇಳಿದೆ. ಪ್ರಿಯೋಲ್ಕೆನ್ ಕಥೆಗೆ ಬಹಳ ನಕ್ಕರು.

ಅವರದೊಂದು ಪ್ರಶ್ನೆ ಇದೆ. ಪುಳಿಯೋಗರೆ, ಚಟ್ನಿ ಪುಡಿ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ ಅಲ್ಲೇ ಸ್ವಲ್ಪ ತಿನ್ನಬಹುದೇ ಅಂತ. ಮೈಸೂರು ಪಾಕನ್ನು ಪ್ರೊಫೆಸರಿಗೆ ಕೊಡಬಹುದೇ?

ಎರ್ಲಾಂಗನ್_ಅಕ್ಕ

ಮೈಸೂರು ಪಾಕ್ ಧಾರಾಳವಾಗಿ ಕೊಡಿ. ಆದರೆ ಹೋಟೆಲಿನ ಮೇಜಿನ ಮೇಲೆ ಬಿಚ್ಚಬೇಡಿ, ಪ್ಯಾಕೆಟ್ಟಿನಲ್ಲೇ ಕೈಗೆ ಕೊಡಿ. ಪುಳಿಯೋಗರೆ ಮಾತ್ರ ಅಲ್ಲಿ ಬೇಡ.

ಆದರೆ ಅಮ್ಮನವರಿಗೆ ಹೇಳಿ, ಪುಳಿಯೋಗರೆ ಡಬ್ಬಿ ಬಿಚ್ಚಬಹುದಾದ ಕೆಲ್ಲರ್ ಕೂಡ ಇದೆ, ಅದು ನಮ್ಮ ಕಡೆ! ಇಲ್ಲಿ ಫ್ರಾಂಕೋನಿಯಾದಲ್ಲಿ, ಅಂದರೆ ಬವೇರಿಯಾ ರಾಜ್ಯದ ಉತ್ತರ ಭಾಗದಲ್ಲಿ, ಜನ "ಕೆಲ್ಲರಿಗೆ ಇಳಿಯುತ್ತೇನೆ" ಅನ್ನುವುದಿಲ್ಲ. "ಕೆಲ್ಲರ್ ಮೇಲೆ ಹೋಗುತ್ತೇನೆ" ಅನ್ನುತ್ತಾರೆ. ಗುಡ್ಡದ ಹೊಟ್ಟೆಯಲ್ಲಿ ಬಿಯರ್ ಇಡುವ ಸುರಂಗ, ಗುಡ್ಡದ ನೆತ್ತಿಯ ಮೇಲೆ ಮರದ ನೆರಳಲ್ಲಿ ಬೆಂಚು. ಕೂರುವುದು ಬಯಲಲ್ಲಿ, ಹೆಸರು ಮಾತ್ರ ಕೆಲ್ಲರ್. ಬಂದ ಹೊಸದರಲ್ಲಿ ಪಕ್ಕದ ಮನೆಯಾಕೆ "ಸಂಜೆ ಕೆಲ್ಲರಿಗೆ ಬಾ" ಅಂದಾಗ ನಾನು ಸ್ವೆಟರ್ ಹಾಕಿಕೊಂಡು ಹೋಗಿದ್ದೆ. ಜುಲೈ ತಿಂಗಳ ಬಿಸಿಲು, ಬೆವರಿ ಸ್ನಾನ.

ಇದರ ಹಿಂದೆ ಚೆಂದದ ಕಥೆ ಇದೆ. 1553ರಲ್ಲಿ ಬವೇರಿಯಾದ ದೊರೆ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಕುದಿಸುವುದನ್ನೇ ನಿಲ್ಲಿಸಿದ. ಬೇಸಿಗೆಯಲ್ಲಿ ಒಲೆಯಿಂದ ಊರಿಗೆ ಬೆಂಕಿ ಬೀಳುವ ಭಯ, ಬಿಸಿಗೆ ಬಿಯರ್ ಕೆಡುವುದು ಬೇರೆ. ಹಾಗಾಗಿ ಮಾರ್ಚ್‌ನಲ್ಲಿ ಸ್ವಲ್ಪ ಕಡಕ್ಕಾಗಿಯೇ ಕುದಿಸಿ ಬೇಸಿಗೆಗೆಲ್ಲ ಇಟ್ಟುಕೊಳ್ಳಬೇಕು. ಎಲ್ಲಿಡುವುದು? ನೆಲದ ಕೆಳಗೆ. ಚಳಿಗಾಲದಲ್ಲಿ ಕೆರೆಗಳಿಂದ ಮಂಜುಗಡ್ಡೆ ಕೊಯ್ದು ತಂದು ಒಳಗೆ ತುಂಬುತ್ತಿದ್ದರು. ಮೇಲೆ ಬಿಸಿಲು ಬೀಳಬಾರದು ಅಂತ ಕುದುರೆ ಚೆಸ್ಟ್‌ನಟ್ ಮರ ನೆಟ್ಟರು. ಎಲೆ ಅಗಲ, ಬೇರು ಆಳಕ್ಕೆ ಹೋಗುವುದಿಲ್ಲ, ಕೆಳಗಿನ ಕಮಾನು ಒಡೆಯುವುದಿಲ್ಲ. ಅಷ್ಟು ತಂಪು ನೆರಳು ಇದ್ದ ಮೇಲೆ ಜನ ಬಿಡುತ್ತಾರೆಯೇ? ಅಲ್ಲೇ ಬೆಂಚು ಬಂತು.

ಮ್ಯೂನಿಕ್‌ನಲ್ಲಿ ಇದು ಜಗಳಕ್ಕೆ ಬಂತು. ಬ್ರೂವರಿಯವರು ಕೆಲ್ಲರ್ ಮೇಲೆ ಬಿಯರ್ ಜೊತೆ ಊಟವನ್ನೂ ಕೊಡುತ್ತಾರೆ, ನಮ್ಮ ಹೊಟ್ಟೆ ಮೇಲೆ ಹೊಡೆಯುತ್ತಾರೆ ಅಂತ ಹೋಟೆಲಿನವರು ದೂರಿದರು. 1812ರ ಜನವರಿ 4ರಂದು ರಾಜ ಮಾಕ್ಸಿಮಿಲಿಯನ್ ಜೋಸೆಫ್ ತೀರ್ಪು ಕೊಟ್ಟ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲ್ಲರಿನಲ್ಲಿ ಬಿಯರ್ ಮಾರಿ, ಆದರೆ ಬ್ರೆಡ್ ಬಿಟ್ಟು ಬೇರೆ ಊಟ ಕೊಡಕೂಡದು. ಜನ ಏನು ಮಾಡಿದರು? ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದರು. ಆ ರೂಢಿ ಇವತ್ತಿಗೂ ಇದೆ. ಕುಡಿಯುವುದನ್ನು ಅಲ್ಲೇ ಕೊಳ್ಳಬೇಕು, ತಿನ್ನುವುದನ್ನು ತರಬಹುದು. ಎಲ್ಲ ಕಡೆ ಅಲ್ಲ, ಕೇಳಿಕೊಳ್ಳಬೇಕು. ಆಮೇಲೆ 1870ರ ದಶಕದಲ್ಲಿ ಲಿಂಡೆ ಅನ್ನುವ ಎಂಜಿನಿಯರ್ ತಂಪು ಮಾಡುವ ಯಂತ್ರ ತಂದರು, ಬಿಯರಿಗೆ ನೆಲದ ಕೆಳಗಿನ ಜಾಗ ಬೇಕಾಗಲಿಲ್ಲ. ಮರ ಉಳಿಯಿತು, ಬೆಂಚು ಉಳಿಯಿತು.

ನಾನು ವಾರಕ್ಕೊಮ್ಮೆ ಚಿತ್ರಾನ್ನ ಅಥವಾ ಚಪಾತಿ ಪಲ್ಯ ಕಟ್ಟಿಕೊಂಡು ಹೋಗುತ್ತೇನೆ. ಬಾಂಬೆರ್ಗ್ ಊರಿನಲ್ಲಿ ಸ್ಟೆಫಾನ್ಸ್‌ಬೆರ್ಗ್ ಗುಡ್ಡದ ಮೇಲೆ ಕೂತರೆ ಕೆಳಗೆ ಊರು, ಎದುರಿಗೆ ದೊಡ್ಡ ಚರ್ಚಿನ ಗೋಪುರಗಳು. ಬೆಂಚು ಉದ್ದ, ಖಾಲಿ ಜಾಗ ಕಂಡರೆ "ಇಲ್ಲಿ ಯಾರಾದರೂ ಇದ್ದಾರಾ?" ಅಂತ ಕೇಳಿ ಯಾರ ಪಕ್ಕದಲ್ಲಾದರೂ ಕೂರಬಹುದು. ನನ್ನ ಚಟ್ನಿ ಪುಡಿಗೆ ಒಬ್ಬ ಅಜ್ಜ ಗಿರಾಕಿ ಆಗಿದ್ದಾರೆ. ಬ್ರೆಡ್ಡಿನ ಮೇಲೆ ಬೆಣ್ಣೆ, ಬೆಣ್ಣೆ ಮೇಲೆ ಗುರೆಳ್ಳು ಪುಡಿ. ಬದಲಿಗೆ ಅವರು ಮೂಲಂಗಿಯನ್ನು ಸುರುಳಿ ಸುರುಳಿಯಾಗಿ ಕೊಯ್ದು ಉಪ್ಪು ಹಾಕಿ ನನಗೆ ಕೊಡುತ್ತಾರೆ. ಎಂಟು ವರ್ಷದಿಂದ ಪರಿಚಯ, ಅವರ ಹೆಸರು ನನಗೆ ಗೊತ್ತಿಲ್ಲ.

ಆದರೆ ಎಲ್ಲ ಮೇಜೂ ಹಾಗಲ್ಲ. "ಸ್ಟಾಮ್‌ಟಿಶ್" ಅಂತ ಬೋರ್ಡು ಇದ್ದರೆ ಕೂರಬೇಡಿ, ಅದು ಖಾಯಂ ಗಿರಾಕಿಗಳ ಮೇಜು. ನಾನು ಬಂದ ವರ್ಷ ಹಳ್ಳಿಯ ಹೋಟೆಲೊಂದರಲ್ಲಿ ಒಲೆ ಪಕ್ಕದ ದುಂಡು ಮೇಜು ಬೆಚ್ಚಗಿದೆ ಅಂತ ಹೋಗಿ ಕೂತೆ. ಯಾರೂ ಏನೂ ಅನ್ನಲಿಲ್ಲ. ಇಡೀ ಹೋಟೆಲು ಗಪ್‌ಚಿಪ್. ತಲೆ ಎತ್ತಿ ನೋಡಿದರೆ ಬೋರ್ಡು ನನ್ನ ನೆತ್ತಿಯ ಮೇಲೇ ತೂಗುತ್ತಿತ್ತು.

ಕ್ಯೋಲ್ನ್_ಕಾಫಿತೋಟ

ಅಕ್ಕ ಹೇಳಿದ್ದೆಲ್ಲ ಸರಿ, ಆದರೆ ಇಡೀ ಜರ್ಮನಿ ಹೀಗೇ ಅಂದುಕೊಳ್ಳಬೇಡಿ. ನಮ್ಮ ಕ್ಯೋಲ್ನ್ ಕಡೆ ಬ್ರೌಹೌಸ್‌ಗಳಲ್ಲಿ, ಅಂದರೆ ಬಿಯರ್ ಹೋಟೆಲುಗಳಲ್ಲಿ, ಬಡಿಸುವವನಿಗೆ ಕ್ಯೋಬೆಸ್ ಅನ್ನುತ್ತಾರೆ. ನೀಲಿ ಏಪ್ರನ್, ಒರಟು ಬಾಯಿ. ನೀರು ಕೇಳಿದರೆ "ಸೋಪು ಟವೆಲ್ಲೂ ತರಲಾ?" ಅನ್ನುತ್ತಾನೆ. ಅದು ಜಗಳ ಅಲ್ಲ, ಪ್ರೀತಿ. ಬಿಯರ್ ಲೋಟ ಬರೀ 200 ಮಿಲಿ. ಖಾಲಿಯಾದರೆ ಕೇಳದೆಯೇ ಇನ್ನೊಂದು ಇಟ್ಟು, ಲೋಟದ ಕೆಳಗಿನ ರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಗೀಟು ಎಳೆದು ಹೋಗುತ್ತಾನೆ. ಸಾಕು ಅನ್ನಿಸಿದರೆ ಆ ರಟ್ಟನ್ನು ಲೋಟದ ಬಾಯಿಗೆ ಮುಚ್ಚಬೇಕು. ಮದುವೆ ಮನೆಯಲ್ಲಿ ಎಲೆ ಮೇಲೆ ಎರಡೂ ಕೈ ಅಡ್ಡ ಇಟ್ಟ ಹಾಗೆ. ಅದು ಗೊತ್ತಿಲ್ಲದೆ ನಾನು ಮೊದಲ ದಿನ ಹನ್ನೊಂದು ಕುಡಿದಿದ್ದೆ.

ಸಸ್ಯಾಹಾರಿಗಳಿಗೆ ಒಂದು ಸಿಹಿ ಸುದ್ದಿ. ಮೆನುವಿನಲ್ಲಿ "ಹಾಲ್ವೆ ಹಾನ್" ಅಂತ ಇರುತ್ತದೆ, ಅಂದರೆ ಅರ್ಧ ಹುಂಜ. ಬರುವುದು ರೈ ಬ್ರೆಡ್ಡಿನ ಬನ್ನು, ದಪ್ಪ ಚೀಸ್, ಈರುಳ್ಳಿ, ಸಾಸಿವೆ. ಕೋಳಿಯ ಸುಳಿವೂ ಇಲ್ಲ. ನಾನು ಸಕಲೇಶಪುರದವನು, ಕೋಳಿ ಅಂತಲೇ ತರಿಸಿ ಮೋಸ ಹೋದೆ.

ಎರ್ಲಾಂಗನ್_ಅಕ್ಕ

ಹಹ್ಹಾ. ಸರ್, ಕೊನೆಗೆ ಎರಡು ಮಾತು. ಏಳು ಗಂಟೆ ಅಂದರೆ ಏಳೇ. ಎಲ್ಲರ ತಟ್ಟೆ ಬರುವವರೆಗೆ ಯಾರೂ ಶುರು ಮಾಡುವುದಿಲ್ಲ, ನಮ್ಮ ಪಂಕ್ತಿಯ ಹಾಗೇ. ಮತ್ತೆ ಬಿಲ್ಲು. ನೀವಾಗಿ ಕೇಳುವವರೆಗೆ ತರುವುದಿಲ್ಲ. ಮರೆತಿದ್ದಾರೆ ಅಂತ ತಿಳಿಯಬೇಡಿ. ಕೇಳದೆ ಬಿಲ್ಲು ತಂದಿಟ್ಟರೆ ಎದ್ದು ಹೋಗಿ ಅಂದ ಹಾಗೆ.

ಹೇಮಾವತಿ_ದಂಡೆ (ಐದು ವಾರದ ನಂತರ)

ಎಲ್ಲರಿಗೂ ನಮಸ್ಕಾರ. ವಾಪಸ್ ಬಂದು ನಾಲ್ಕು ದಿನ ಆಯಿತು, ನಿದ್ದೆ ಇನ್ನೂ ಸರಿಹೋಗಿಲ್ಲ. ಹೇಗಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತದೆ.

ನಾವು ಹನ್ನೊಂದು ಜನ ಆದೆವು. ಔಅರ್‌ಬಾಖ್‌ನಲ್ಲಿ ಅಷ್ಟು ಜನಕ್ಕೆ ಆ ದಿನ ಜಾಗ ಸಿಗಲಿಲ್ಲ. ಪ್ರೊಫೆಸರ್ ಹತ್ತಿರದಲ್ಲೇ ಬೇರೊಂದು ಹಳೆಯ ಕೆಲ್ಲರ್ ಗೊತ್ತು ಮಾಡಿದರು. ಆದರೆ ಮಗಳು ಮೊದಲು ಫೌಸ್ಟನ ಮೂರ್ತಿಯ ಹತ್ತಿರ ಕರೆದುಕೊಂಡು ಹೋದಳು. ನಮ್ಮ ಮನೆಯವರು ಬೂಟು ಉಜ್ಜಿದರು. ಮತ್ತೆ ಬರುತ್ತೀರಿ ಅಂತ ಹೇಳಿದಾಗ "ಟಿಕೆಟ್ಟಿನ ದುಡ್ಡು ಇವನು ಕೊಡುತ್ತಾನಂತಾ?" ಅಂದರು.

ಕೆಲ್ಲರಿಗೆ ಇಳಿಯಲು 23 ಮೆಟ್ಟಿಲು. ನನ್ನ ಮಂಡಿ ಎಣಿಸಿತು. ಕೆಳಗೆ ಮೇಣದ ಬತ್ತಿ ವಾಸನೆ, ಹುಳಿ ವಾಸನೆ, ಕಲ್ಲಿನ ತಂಪು. ಹೇಳಿದರೆ ನಗಬೇಡಿ, ಹಗೇವು ತೆಗೆದಾಗ ಬರುವ ವಾಸನೆಯ ಒಂದು ಎಳೆ ಅದರಲ್ಲಿತ್ತು. ಪ್ರೊಫೆಸರ್ ನನಗಿಂತ ಒಂದು ವರ್ಷ ದೊಡ್ಡವರು, ಸೈಕಲ್ ಹೆಲ್ಮೆಟ್ ಕೈಯಲ್ಲಿ ಹಿಡಿದು 6:58ಕ್ಕೆ ಬಂದರು. ತಡವಾಗಿ ಬಂದ ಹುಡುಗನೊಬ್ಬ ಯಾರಿಗೂ ಕೈ ಕೊಡದೆ ಮೇಜನ್ನು ಎರಡು ಸಲ ಟಕ್ ಟಕ್ ಅಂತ ಬಡಿದು ಕೂತ. ನಮ್ಮ ಮನೆಯವರು ಯಾರೋ ಬಾಗಿಲು ತಟ್ಟಿದರು ಅಂತ ಹಿಂದೆ ತಿರುಗಿ ನೋಡಿದರು. ಗುಂಪಿಗೆಲ್ಲ ಒಂದೇ ಸಲ ನಮಸ್ಕಾರ ಹೇಳುವುದು ಹಾಗಂತೆ.

ಲೋಟ ತಾಗಿಸುವುದು ಎಷ್ಟು ಹೊತ್ತು ಹಿಡಿಯಿತು ಗೊತ್ತೇನಮ್ಮ? ಹತ್ತು ಜನರ ಕಣ್ಣು ನೋಡಬೇಕು! ನಾನು ಶೋರ್ಲೆ ಲೋಟ ಹಿಡಿದು ಎಲ್ಲರನ್ನೂ ದಿಟ್ಟಿಸಿದೆ. ನಮ್ಮ ಮನೆಯವರು ಎಲ್ಲರ ಹಣೆ ನೋಡಿದರಂತೆ.

ಸ್ಪಾರ್ಗೆಲ್ ಬಂತು, ಬೆಣ್ಣೆ ಹಾಕಿಸಿಕೊಂಡು. ನುಗ್ಗೆಕಾಯಿ ಹಾಗೆ ಕಂಡಿದ್ದರಿಂದ ನಾನು ಅಗಿದು ನಾರು ಉಗಿಯುವುದಕ್ಕೆ ತಟ್ಟೆಯ ಅಂಚಿನಲ್ಲಿ ಜಾಗ ಮಾಡಿಕೊಂಡಿದ್ದೆ. ನಾರೇ ಇಲ್ಲ, ಹಾಗೇ ಕರಗಿತು. ರುಚಿ? ಉಪ್ಪು ಖಾರ ಸ್ವಲ್ಪ ಬೀಳಬೇಕಿತ್ತು. ಮಗಳ ಮುಂದೆ ಹೇಳಲಿಲ್ಲ. ಎದುರಿಗಿದ್ದವರ ತಟ್ಟೆಯಲ್ಲಿ ಆಲೂಗಡ್ಡೆ ಉಂಡೆ, ಥೇಟು ಬಿಳಿ ಮುದ್ದೆ. ಚಾಕುವಿನಲ್ಲಿ ಕೊಯ್ಯಬಾರದು, ಫೋರ್ಕಿನಲ್ಲಿ ಮುರಿಯಬೇಕು ಅಂತ ಪ್ರೊಫೆಸರ ಹೆಂಡತಿ ಹೇಳಿಕೊಟ್ಟರು. ಮುದ್ದೆಗೂ ಹಲ್ಲು ತಾಗಿಸಬಾರದು ಅಂತ ನಾನು ಹೇಳಿಕೊಟ್ಟೆ.

ಆಮೇಲೆ ಮಗಳ ತಲೆಗೆ ಒಂದು ಟೋಪಿ ಹಾಕಿದರು. ಪಿಎಚ್‌ಡಿ ಮುಗಿಸಿದವರಿಗೆ ಜೊತೆಯವರೇ ರಟ್ಟಿನಲ್ಲಿ ಮಾಡುವ ಪದ್ಧತಿಯಂತೆ, ಮೇಲೆಲ್ಲ ಅವರ ಕೆಲಸದ ಗುರುತುಗಳು. ನಡುವೆ ಒಂದು ಪುಟ್ಟ ಅಂಚೆ ಡಬ್ಬಿ ಇತ್ತು. ಅಲ್ಲಿಯ ಅಂಚೆ ಡಬ್ಬಿ ಹಳದಿ. ಇದನ್ನು ಕೆಂಪು ಮಾಡಿದ್ದರು. ನಾನು ಸ್ವಲ್ಪ ಹೊತ್ತು ಸೂರಿನ ಕಮಾನು ನೋಡುತ್ತಾ ಕೂತೆ.

ಊಟ ಮುಗಿದಾಗ 8:10. ಬಿಲ್ಲು ಕೇಳಲೇ ಇಲ್ಲ, ಯಾರೂ ಏಳಲಿಲ್ಲ. ಒಂಬತ್ತಕ್ಕೆ ಪ್ರೊಫೆಸರ್ ನನ್ನ ಕೆಲಸದ ಬಗ್ಗೆ ಕೇಳಿದರು. ಹಳೇ ದಿನಗಳಲ್ಲಿ ರಾತ್ರಿ ರೈಲಿನ ಅಂಚೆ ಬೋಗಿಯಲ್ಲಿ ನಿಂತು ಕಾಗದ ವಿಂಗಡಿಸುತ್ತಿದ್ದೆ, ಅರಸೀಕೆರೆ ಬರುವಷ್ಟರಲ್ಲಿ ಆ ಕಡೆಯ ಚೀಲ ಕಟ್ಟಿ ಸೀಲು ಹಾಕಿರಬೇಕು. ಅದನ್ನೆಲ್ಲ ನನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿದೆ. ಅರ್ಧ ಗಂಟೆ ಕೇಳಿದರು. ಮಗಳು "ಇದು ನನಗೇ ಗೊತ್ತಿರಲಿಲ್ಲ ಅಪ್ಪ" ಅಂದಳು. ನಮ್ಮ ಮನೆಯಲ್ಲಿ ಉಂಡ ಮೇಲೆ ಕೈ ತೊಳೆದು ಟಿವಿ ಹಾಕುತ್ತೇವೆ, ಹೇಳಲು ಹೊತ್ತೆಲ್ಲಿ ಸಿಕ್ಕಿತ್ತು? ಹೊರಗೆ ಬಂದಾಗ 11:20.

ನಿಮ್ಮ ಗುಡ್ಡದ ಕೆಲ್ಲರಿಗೆ ಬರಲು ಆಗಲಿಲ್ಲಮ್ಮ, ಕ್ಷಮಿಸಿ. ಈಗ ಹೊಸ ತಲೆನೋವು. ಪ್ರೊಫೆಸರ್ ದಂಪತಿ ಜನವರಿಯಲ್ಲಿ ಬೆಂಗಳೂರಿಗೆ ಬರುತ್ತಾರೆ, ಹಾಸನಕ್ಕೂ ಬರುತ್ತೇವೆ ಅಂದಿದ್ದಾರೆ. ಉಂಡ ಮೇಲೆ ಮೂರು ಗಂಟೆ ಕೂರಲು ಬಿಡುವ ಹೋಟೆಲು ನಮ್ಮೂರಲ್ಲಿ ಎಲ್ಲಿದೆ? ಕಾಫಿ ಕುಡಿಯುವಾಗಲೇ ಕುರ್ಚಿಗೆ ಇನ್ನೊಬ್ಬರು ಕೈ ಇಟ್ಟುಕೊಂಡು ನಿಂತಿರುತ್ತಾರೆ. ಮನೆಯ ಮೇಜಿಗೆ ನಾಲ್ಕೇ ಕುರ್ಚಿ. ಹಿತ್ತಿಲಲ್ಲಿ ಸೀಬೆ ಮರದ ಕೆಳಗೆ ಬೆಂಚು ಮೇಜು ಮಾಡಿಸೋಣ ಅಂತ ಯೋಚನೆ. ಬಡಗಿ ಅಳತೆ ಕೇಳುತ್ತಿದ್ದಾನೆ. ನಿಮ್ಮ ಕೆಲ್ಲರಿನ ಬೆಂಚು ಎಷ್ಟು ಉದ್ದ, ಎಷ್ಟು ಅಗಲ?

ಎರ್ಲಾಂಗನ್_ಅಕ್ಕ

ಸಾಮಾನ್ಯವಾಗಿ ಮೇಜು 220 ಸೆಂಟಿಮೀಟರ್ ಉದ್ದ, 50 ಅಗಲ. ಬೆಂಚು ಅಷ್ಟೇ ಉದ್ದ, 25 ಅಗಲ. ಮೇಜಿನಲ್ಲಿ 70 ಅಗಲದ್ದೂ ಬರುತ್ತದೆ ಸರ್, ನೀವು ಅದನ್ನೇ ಮಾಡಿಸಿ. 50ರಲ್ಲಿ ಎದುರುಬದುರು ಎರಡು ಬಾಳೆ ಎಲೆ ಹಿಡಿಯುವುದಿಲ್ಲ.